ಪರಿಸರ ಅರ್ಥಶಾಸ್ತ್ರ ಓದಿದವರಿಗೆ ಕೆಲಸ ಎಲ್ಲಿದೆ, ಹುಡುಕುವುದು ಹೇಗೆ?

ಉದ್ಯೋಗದ ಜಾಲತಾಣಗಳಲ್ಲಿ ‘ಎನ್ವಿರಾನ್‌ಮೆಂಟಲ್ ಎಕನಾಮಿಸ್ಟ್’ ಎಂದು ಟೈಪ್ ಮಾಡಿ ನೋಡಿ. ಸಿಗುವುದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಕೆಲವು ಪಿಎಚ್.ಡಿ. ಕೇಳುತ್ತವೆ, ಕೆಲವು ಹೊರದೇಶದವು. ಎಂ.ಎ. ಮುಗಿಸಿದ ಎಷ್ಟೋ ಮಂದಿ ಇಷ್ಟಕ್ಕೇ ಕೈಚೆಲ್ಲಿ ಬ್ಯಾಂಕ್ ಪರೀಕ್ಷೆಯ ಪುಸ್ತಕ ಹಿಡಿಯುತ್ತಾರೆ. ಕೆಲಸ ಇಲ್ಲವೆಂದಲ್ಲ. ಬೆಂಗಳೂರಿನಲ್ಲಂತೂ ಚೆನ್ನಾಗಿಯೇ ಇದೆ. ಆದರೆ ಅದು ಆ ಹೆಸರು ಹೊತ್ತು ಬರುವುದಿಲ್ಲ.

ಅದು ಬರುವ ಹೆಸರುಗಳು ಇವು: ರಿಸರ್ಚ್ ಅಸೋಸಿಯೇಟ್, ಪಾಲಿಸಿ ಅನಲಿಸ್ಟ್, ಸೋಷಿಯೋ-ಎಕನಾಮಿಕ್ ಎಕ್ಸ್‌ಪರ್ಟ್, ಕ್ಲೈಮೇಟ್ ಫೈನಾನ್ಸ್ ಕನ್ಸಲ್ಟೆಂಟ್, ಕಾರ್ಬನ್ ಮಾರ್ಕೆಟ್ ಅನಲಿಸ್ಟ್, ಸಸ್ಟೈನಬಿಲಿಟಿ ಅಸೋಸಿಯೇಟ್, ಎನರ್ಜಿ ಎಕನಾಮಿಸ್ಟ್, ಮಾನಿಟರಿಂಗ್ ಅಂಡ್ ಇವ್ಯಾಲ್ಯುಯೇಷನ್ ಆಫೀಸರ್. ಇವುಗಳಲ್ಲಿ ಯಾವುದು ನಿಜಕ್ಕೂ ನಿಮ್ಮ ವಿದ್ಯೆಯ ಕೆಲಸ, ಯಾವುದು ಬರೀ ಹಸಿರು ಬಣ್ಣ ಬಳಿದ ಮಾರ್ಕೆಟಿಂಗ್ ಎಂಬುದು ಜಾಹೀರಾತಿನ ತಲೆಬರಹದಲ್ಲಿ ತಿಳಿಯುವುದಿಲ್ಲ, ಒಳಗೆ ಬರೆದ ಕೆಲಸದ ವಿವರ ಓದಿದರೆ ತಿಳಿಯುತ್ತದೆ. ‘ವ್ಯಾಲ್ಯುಯೇಷನ್’, ‘ಕಾಸ್ಟ್-ಬೆನಿಫಿಟ್’, ‘ಹೌಸ್‌ಹೋಲ್ಡ್ ಸರ್ವೆ’, ‘ಇಂಪ್ಯಾಕ್ಟ್ ಇವ್ಯಾಲ್ಯುಯೇಷನ್’, ‘ನ್ಯಾಚುರಲ್ ಕ್ಯಾಪಿಟಲ್’, ‘ಟ್ಯಾರಿಫ್’ ಎಂಬ ಪದಗಳು ಕಂಡರೆ ಪೂರ್ತಿ ಓದಿ. ‘ಸ್ಟೇಕ್‌ಹೋಲ್ಡರ್ ಎಂಗೇಜ್‌ಮೆಂಟ್’ ಒಂದೇ ನಾಲ್ಕು ಸಲ ಬಂದಿದ್ದರೆ ಬಹುಪಾಲು ಅದು ಸಭೆ ಏರ್ಪಡಿಸುವ ಕೆಲಸ.

ಮೊದಲ ಹೆಜ್ಜೆ: ದುಡ್ಡು ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ

ಪರಿಸರಕ್ಕೆ ಬೆಲೆ ಕಟ್ಟುವವರನ್ನು ಯಾರೂ ಪರಿಸರಪ್ರೀತಿಯಿಂದಷ್ಟೇ ನೇಮಿಸಿಕೊಳ್ಳುವುದಿಲ್ಲ. ಒಂದು ಕಾನೂನು, ಒಂದು ಕೋರ್ಟ್ ಆದೇಶ, ಒಂದು ಸಾಲದ ಷರತ್ತು ಅಥವಾ ಒಂದು ಲೆಕ್ಕಪತ್ರದ ನಿಯಮ ಹಿಂದೆ ಇದ್ದೇ ಇರುತ್ತದೆ. ಅದನ್ನು ಗುರುತಿಸಿಕೊಂಡರೆ ಹುದ್ದೆ ಎಲ್ಲಿ ಹುಟ್ಟುತ್ತದೆ ಎಂಬುದು ಮೊದಲೇ ಗೊತ್ತಾಗುತ್ತದೆ.

ಕಾಡಿನ ವಿಷಯವನ್ನೇ ನೋಡಿ. ಗಣಿಗೋ ರಸ್ತೆಗೋ ಅರಣ್ಯಭೂಮಿ ಬಿಟ್ಟುಕೊಡುವಾಗ ಅದರ ನಿವ್ವಳ ಪ್ರಸ್ತುತ ಮೌಲ್ಯವನ್ನು (ಕಾಡು ಮುಂದೆ ಕೊಡಬಹುದಾಗಿದ್ದ ಪ್ರಯೋಜನಗಳ ಇಂದಿನ ಬೆಲೆಯನ್ನು), ಅಂದರೆ ಕಚೇರಿಗಳಲ್ಲಿ ಎಲ್ಲರೂ ‘ಎನ್‌ಪಿವಿ’ ಎನ್ನುವ ಮೊತ್ತವನ್ನು, ಕಟ್ಟಬೇಕು. ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ನೇತೃತ್ವದ ಸಮಿತಿ 2006ರಲ್ಲಿ ವರದಿ ಕೊಟ್ಟಿತು. 2008ರಲ್ಲಿ ಕೋರ್ಟ್ ಒಪ್ಪಿದ ದರ, ಕಾಡಿನ ಬಗೆ ಮತ್ತು ದಟ್ಟಣೆ ನೋಡಿಕೊಂಡು, ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. 2022ರ ಪರಿಷ್ಕರಣೆಯಲ್ಲಿ ಗರಿಷ್ಠ ದರ 15.95 ಲಕ್ಷ ಮುಟ್ಟಿತು. ಈ ಅಂಕಿಯ ಸುತ್ತ ಎಷ್ಟು ಕೆಲಸ ಹುಟ್ಟಿದೆ ನೋಡಿ: ದರ ಕಡಿಮೆಯಾಯಿತು ಎನ್ನುವವರ ಅಧ್ಯಯನ, ಹೆಚ್ಚಾಯಿತು ಎನ್ನುವವರ ಅಧ್ಯಯನ, ಬಂದ ಹಣ ಹೇಗೆ ಖರ್ಚಾಯಿತು ಎಂಬ ಮೌಲ್ಯಮಾಪನ. ಭೋಪಾಲದ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ ಹುಲಿ ಮೀಸಲು ಪ್ರದೇಶಗಳ ಆರ್ಥಿಕ ಮೌಲ್ಯ ಲೆಕ್ಕ ಹಾಕಿದಾಗ 2019ರ ಎರಡನೇ ಕಂತಿನಲ್ಲಿ ನಮ್ಮ ಬಂಡೀಪುರವೂ ಇತ್ತು. ಅಂಥ ಒಂದೊಂದು ವರದಿಯ ಹಿಂದೆಯೂ ಪ್ರಶ್ನಾವಳಿ ಹಿಡಿದು ಓಡಾಡಿದ, ಎಕ್ಸೆಲ್ ಹಾಳೆ ತಿದ್ದಿದ ಕಿರಿಯರ ಒಂದು ಪಡೆ ಇರುತ್ತದೆ. ನಿಮ್ಮ ಮೊದಲ ಕೆಲಸ ಇರುವುದು ಆ ಪಡೆಯಲ್ಲಿ.

ಎರಡನೆಯದು ಪರಿಸರ ಪರಿಣಾಮ ಅಂದಾಜು. 2006ರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಅನುಮತಿ ಬೇಕಾದರೆ ಈ ವರದಿ ಬೇಕು. ವರದಿ ತಯಾರಿಸುವ ಸಂಸ್ಥೆಗೆ ‘ನ್ಯಾಬೆಟ್’ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇರಬೇಕು. ಆ ಮಾನ್ಯತೆಯ ನಿಯಮದಲ್ಲಿ ಗಾಳಿ, ನೀರು, ಶಬ್ದ, ಭೂವಿಜ್ಞಾನದ ಪರಿಣತರ ಜೊತೆಗೆ ಸಾಮಾಜಿಕ-ಆರ್ಥಿಕ ಪರಿಣತರೂ ಒಂದು ವಿಭಾಗವಾಗಿ ಇದ್ದಾರೆ. ಅರ್ಥಶಾಸ್ತ್ರದವರು ಈ ಬಾಗಿಲನ್ನು ತಟ್ಟುವುದೇ ಕಡಿಮೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ವರದಿಗೆ ದುಡ್ಡು ಕೊಡುವುದು ಯೋಜನೆಯ ಮಾಲೀಕರೇ. ಹಳೇ ವರದಿಯ ಪುಟಗಳನ್ನೇ ಎತ್ತಿ ಅಂಟಿಸುವ ಕಂಪನಿಯಲ್ಲಿ ಎರಡು ವರ್ಷ ಕಳೆದರೆ ಕಲಿತದ್ದು ಏನೂ ಇರುವುದಿಲ್ಲ, ಹೆಸರು ಮಾತ್ರ ಹಾಳಾಗಿರುತ್ತದೆ. ಸೇರುವ ಮುನ್ನ ಅವರ ಹಳೆಯ ವರದಿಯೊಂದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ಹುಡುಕಿ ಓದಿ. ಸಾಮಾಜಿಕ-ಆರ್ಥಿಕ ಅಧ್ಯಾಯದಲ್ಲಿ ಜನಗಣತಿಯ ಕೋಷ್ಟಕ ಬಿಟ್ಟು ಬೇರೇನೂ ಇಲ್ಲದಿದ್ದರೆ ಉತ್ತರ ಸಿಕ್ಕಿತು.

ಮೂರನೆಯದು ಕಂಪನಿಗಳು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರುವ ಲಿಸ್ಟೆಡ್ ಕಂಪನಿಗಳು ‘ಬಿಆರ್‌ಎಸ್‌ಆರ್’ ಎಂಬ ಪರಿಸರ-ಸಾಮಾಜಿಕ ಹೊಣೆಗಾರಿಕೆಯ ವರದಿ ಸಲ್ಲಿಸುವುದನ್ನು ಷೇರುಪೇಟೆ ನಿಯಂತ್ರಕ ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಕೇಂದ್ರ ಸರ್ಕಾರ 2023ರಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆ ಪ್ರಕಟಿಸಿತು: ಗುರಿಗಿಂತ ಕಡಿಮೆ ಇಂಗಾಲ ಉಗುಳಿದವರು ಆ ಉಳಿತಾಯವನ್ನು ಮಾರಬಹುದು. ಸಿಮೆಂಟು, ಅಲ್ಯೂಮಿನಿಯಂ, ಕಾಗದದಂಥ ಕೈಗಾರಿಕೆಗಳು ಅದರೊಳಗೆ ಬರುತ್ತವೆ. ಅಂದರೆ ಸೇಡಂ, ವಾಡಿ ಕಡೆಯ ಸಿಮೆಂಟ್ ಉದ್ಯಮಕ್ಕೂ ಇದು ತಟ್ಟುವ ವಿಷಯ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಶುಲ್ಕ, ಅದೇ ‘ಸಿಬ್ಯಾಮ್’, 2023ರ ಅಕ್ಟೋಬರಿನಲ್ಲಿ ಬರೀ ವರದಿ ಕೇಳುವ ಹಂತದಿಂದ ಆರಂಭವಾಗಿ 2026ರ ಜನವರಿಯಿಂದ ಪೂರ್ಣ ಹಂತಕ್ಕೆ ಬಂದಿದೆ. ಬಳ್ಳಾರಿ ಸೀಮೆಯ ಉಕ್ಕು ಯುರೋಪಿಗೆ ಹೋಗಬೇಕಾದರೆ ಟನ್ನಿಗೆ ಎಷ್ಟು ಇಂಗಾಲ ಎಂಬ ಲೆಕ್ಕ ಜೊತೆಗೇ ಹೋಗಬೇಕು. ಟನ್ ಎಣಿಸುವುದು ಎಂಜಿನಿಯರ್ ಕೆಲಸ. ಈಗಲೇ ಕುಲುಮೆ ಬದಲಿಸುವುದು ಅಗ್ಗವೋ, ಶುಲ್ಕ ಕಟ್ಟುವುದು ಅಗ್ಗವೋ ಎಂದು ಹೇಳುವುದು ನಿಮ್ಮ ಕೆಲಸ. ಈ ಎರಡರ ವ್ಯತ್ಯಾಸವನ್ನು ಸಂದರ್ಶನದಲ್ಲಿ ಎರಡು ಮಾತಿನಲ್ಲಿ ಹೇಳಬಲ್ಲವರಿಗೆ ಕನ್ಸಲ್ಟಿಂಗ್ ಕಂಪನಿಗಳಲ್ಲಿ ಬೇಡಿಕೆ ಇದೆ.

ನಾಲ್ಕನೆಯದು ಸರ್ಕಾರದ ಲೆಕ್ಕ. ಕೇಂದ್ರ ಸಾಂಖ್ಯಿಕ ಸಚಿವಾಲಯ 2018ರಿಂದ ‘ಎನ್ವಿಸ್ಟ್ಯಾಟ್ಸ್ ಇಂಡಿಯಾ’ ಎಂಬ ವರದಿ ತರುತ್ತಿದೆ. ನೀರು, ಕಾಡು, ಖನಿಜಗಳನ್ನು ದೇಶದ ಲೆಕ್ಕಪತ್ರಕ್ಕೆ ಸೇರಿಸುವ ಪ್ರಯತ್ನ ಅದು. ಅಲ್ಲಿ ಹುದ್ದೆಗಳು ಕಡಿಮೆ. ಆದರೆ ಆ ಲೆಕ್ಕದ ಪದ್ಧತಿ ಗೊತ್ತಿರುವವರೂ ನಮ್ಮಲ್ಲಿ ಕಡಿಮೆಯೇ.

ಎರಡನೇ ಹೆಜ್ಜೆ: ನಿಮ್ಮ ಕಾಲಿಗೆ ಹೊಂದುವ ದಾರಿ ಆರಿಸಿ

ಸರ್ಕಾರಿ ನೌಕರಿಯೇ ಬೇಕು ಎನ್ನುವವರಿಗೆ ನೇರ ದಾರಿ ಇಂಡಿಯನ್ ಎಕನಾಮಿಕ್ ಸರ್ವಿಸ್. ಯುಪಿಎಸ್‌ಸಿ ನಡೆಸುವ ಪರೀಕ್ಷೆ, ಅರ್ಥಶಾಸ್ತ್ರ ಅಥವಾ ಅದಕ್ಕೆ ಸಂಬಂಧಿಸಿದ ನಿಗದಿತ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಬೇಕು, ಸಾಮಾನ್ಯ ವರ್ಗಕ್ಕೆ ವಯಸ್ಸು 21ರಿಂದ 30. ಲಿಖಿತ ಪರೀಕ್ಷೆ 1,000 ಅಂಕ, ಸಂದರ್ಶನ 200. ಸಾಮಾನ್ಯ ಅರ್ಥಶಾಸ್ತ್ರದ ಮೂರನೇ ಪತ್ರಿಕೆಯಲ್ಲಿ ಪರಿಸರ ಅರ್ಥಶಾಸ್ತ್ರ ಒಂದು ಭಾಗವಾಗಿಯೇ ಇದೆ: ಹಸಿರು ಜಿಡಿಪಿ, ಮೌಲ್ಯಮಾಪನ ವಿಧಾನಗಳು, ಮಾಲಿನ್ಯ ತೆರಿಗೆ, ಹವಾಮಾನ ಒಪ್ಪಂದಗಳು. ಮೂಲವೇತನ 56,100 ರೂಪಾಯಿಯಿಂದ ಆರಂಭ. ಹುದ್ದೆಗಳು ತೀರಾ ಕಡಿಮೆ, ಕೆಲವು ವರ್ಷ ಇಪ್ಪತ್ತೂ ಇರುವುದಿಲ್ಲ. ಆಯ್ಕೆಯಾದವರು ಪರಿಸರ ಸಚಿವಾಲಯಕ್ಕೇ ಹೋಗುತ್ತಾರೆಂಬ ಖಾತ್ರಿಯೂ ಇಲ್ಲ. ಹಾಗಾಗಿ ಇದೊಂದನ್ನೇ ನಂಬಿ ವರ್ಷಗಟ್ಟಲೆ ಕೂರುವುದು ಬೇಡ. ಆದರೂ ಅದರ ಪಠ್ಯಕ್ರಮವನ್ನು ಓದಿಕೊಂಡರೆ ಯುಜಿಸಿ ನೆಟ್‌ಗೂ ಅರ್ಧ ತಯಾರಿ ಆದಂತೆ, ಏಕೆಂದರೆ ನೆಟ್ ಅರ್ಥಶಾಸ್ತ್ರದಲ್ಲೂ ಪರಿಸರದ್ದೊಂದು ಘಟಕ ಇದೆ. ನೆಟ್ ಮೂಲಕ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಹಳ್ಳಿಯ ಮನೆಯಿಂದ ಬಂದು ಪಿಎಚ್.ಡಿ. ಮಾಡುವವರಿಗೆ ಅದು ದೊಡ್ಡ ಆಸರೆ.

ಸಂಶೋಧನಾ ಸಂಸ್ಥೆಗಳ ವಿಷಯಕ್ಕೆ ಬಂದರೆ ಕರ್ನಾಟಕದವರು ಅದೃಷ್ಟವಂತರು. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಾಮಾಜಿಕ-ಆರ್ಥಿಕ ಸಂಶೋಧನಾ ಸಂಸ್ಥೆ ಐಸೆಕ್ ಬೆಂಗಳೂರಿನ ನಾಗರಭಾವಿಯಲ್ಲಿದೆ. ಪರಿಸರ ಅರ್ಥಶಾಸ್ತ್ರ ಮತ್ತು ನೈಸರ್ಗಿಕ ಸಂಪನ್ಮೂಲಗಳಿಗೆಂದೇ ಅಲ್ಲೊಂದು ಕೇಂದ್ರ ಇದೆ. ಏಟ್ರೀ, ಸಿಸ್ಟೆಪ್, ಐಐಎಚ್‌ಎಸ್, ಡಬ್ಲ್ಯುಆರ್‌ಐ ಇಂಡಿಯಾ, ವೆಲ್ ಲ್ಯಾಬ್ಸ್ ಎಲ್ಲವೂ ಬೆಂಗಳೂರಿನಲ್ಲೇ ಸಿಗುತ್ತವೆ. ಧಾರವಾಡದಲ್ಲಿ ಸಿಎಂಡಿಆರ್ ಇದೆ. ಪರಿಸರ ಅರ್ಥಶಾಸ್ತ್ರದಲ್ಲಿ ದೇಶಕ್ಕೇ ಪರಿಚಿತರಾದ ಗೋಪಾಲ ಕಡೆಕೋಡಿ ಕೆಲಸ ಮಾಡಿದ ಜಾಗ ಅದು. ರಾಜ್ಯ ಸರ್ಕಾರದ್ದೇ ಆದ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ ಬೆಂಗಳೂರಿನ ಜೆ.ಪಿ. ನಗರದ ಕಡೆ ಇದೆ, ರಾಜ್ಯದ ಹವಾಮಾನ ಬದಲಾವಣೆ ಕ್ರಿಯಾ ಯೋಜನೆಯ ಕೆಲಸ ಅಲ್ಲೇ ನಡೆದದ್ದು. ರಾಜ್ಯದ ಮೌಲ್ಯಮಾಪನ ಪ್ರಾಧಿಕಾರ ಸರ್ಕಾರಿ ಯೋಜನೆಗಳ ಅಧ್ಯಯನವನ್ನು ಹೊರಗಿನ ಸಂಸ್ಥೆಗಳಿಗೆ ವಹಿಸುತ್ತದೆ. ಕೆರೆ ಹೂಳೆತ್ತುವುದು, ಜಲಾನಯನ, ಅರಣ್ಯೀಕರಣದ ಅಧ್ಯಯನ ಗೆದ್ದ ಸಂಸ್ಥೆಗೆ ಕೂಡಲೇ ಮೂರ್ನಾಲ್ಕು ಜನ ಬೇಕಾಗುತ್ತಾರೆ. ಅದರ ಜಾಹೀರಾತು ಪತ್ರಿಕೆಯಲ್ಲಿ ಬರುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ.

ದೆಹಲಿಯಲ್ಲಿ ಟೆರಿ, ಸಿಇಇಡಬ್ಲ್ಯು, ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್, ಐಎಸ್‌ಐ. ಅಲ್ಲಿ ಅವಕಾಶ ಹೆಚ್ಚು, ಬಾಡಿಗೆಯೂ ಹೆಚ್ಚು.

ಮೂರನೇ ಹೆಜ್ಜೆ: ಪದವಿ ಯಾವುದು ಸಾಕು

ಪರಿಸರ ಅರ್ಥಶಾಸ್ತ್ರದಲ್ಲೇ ಎಂ.ಎ. ಬೇಕೆಂದರೆ ಚೆನ್ನೈನ ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್ ಹಳೆಯ ಹೆಸರು. ಬೆಂಗಳೂರಿನಲ್ಲಿ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇದೆ. ಬಿ.ಎಸ್ಸಿ. ಕೃಷಿ ಓದಿದವರಿಗೆ ಜಿಕೆವಿಕೆಯ ಕೃಷಿ ಅರ್ಥಶಾಸ್ತ್ರ ವಿಭಾಗ ಚಿನ್ನದಂಥ ಜಾಗ. ಕೋಲಾರ, ಚಿಕ್ಕಬಳ್ಳಾಪುರದ ಬಾವಿಗಳ ಬಗ್ಗೆ ಪ್ರೊ. ಎಂ.ಜಿ. ಚಂದ್ರಕಾಂತ್ ಮತ್ತು ಅವರ ವಿದ್ಯಾರ್ಥಿಗಳು ಹೊಲದಿಂದ ಹೊಲಕ್ಕೆ ಹೋಗಿ ಮಾಡಿದ ಲೆಕ್ಕಗಳು ಅಂತರ್ಜಲ ಅರ್ಥಶಾಸ್ತ್ರದಲ್ಲಿ ಇಂದಿಗೂ ಆಧಾರ.

ಮೈಸೂರು, ಧಾರವಾಡ, ಕಲಬುರಗಿ, ಮಂಗಳೂರಿನಲ್ಲಿ ಸಾಮಾನ್ಯ ಎಂ.ಎ. ಅರ್ಥಶಾಸ್ತ್ರ ಮಾಡಿದವರು ‘ನಮ್ಮ ಪದವಿಯಲ್ಲಿ ಪರಿಸರ ಎಂಬ ಪದವೇ ಇಲ್ಲವಲ್ಲ’ ಎಂದು ಕೊರಗುವ ಅಗತ್ಯವಿಲ್ಲ. ಕೆಲಸ ಕೊಡುವವರು ಮೊದಲು ನೋಡುವುದು ಎಕನಾಮೆಟ್ರಿಕ್ಸ್, ಅಂದರೆ ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿದ್ಯೆ, ಗಟ್ಟಿಯಾಗಿದೆಯೇ ಎಂದು. ರಿಗ್ರೆಷನ್ ಸಮೀಕರಣದ ಫಲಿತಾಂಶದ ಕೋಷ್ಟಕ ಮುಂದಿಟ್ಟರೆ ಅದನ್ನು ಓದಿ ವಿವರಿಸಬಲ್ಲಿರಾ, ಅದರಲ್ಲಿ ಮೋಸ ಎಲ್ಲಿರಬಹುದು ಎಂದು ಅನುಮಾನಿಸಬಲ್ಲಿರಾ ಎಂಬುದು ಮುಖ್ಯ. ಅರಣ್ಯಶಾಸ್ತ್ರ, ಸಿವಿಲ್, ಪರಿಸರ ವಿಜ್ಞಾನದಿಂದ ಬರುವವರಿಗೆ ಉಲ್ಟಾ ಸಮಸ್ಯೆ. ನೀರಿನ ಗುಣಮಟ್ಟ ಅವರಿಗೆ ಗೊತ್ತು, ಬೇಡಿಕೆಯ ರೇಖೆ ಗೊತ್ತಿರುವುದಿಲ್ಲ. ಅವರು ಸೂಕ್ಷ್ಮ ಅರ್ಥಶಾಸ್ತ್ರದ ಒಂದು ಪೂರ್ಣ ಕೋರ್ಸ್ ಮತ್ತು ವೆಚ್ಚ-ಲಾಭ ವಿಶ್ಲೇಷಣೆಯ ಒಂದು ಕೋರ್ಸ್ ಮಾಡಿಕೊಂಡರೆ ಅರ್ಥಶಾಸ್ತ್ರದವರಿಗಿಂತ ಬೇಗ ಕೆಲಸ ಸಿಗುವುದೂ ಉಂಟು.

ಕಠ್ಮಂಡುವಿನ ಇಸಿಮೋಡ್ ಎಂಬ ಪರ್ವತ ಅಭಿವೃದ್ಧಿ ಸಂಸ್ಥೆಯ ಅಡಿ ನಡೆಯುವ ‘ಸ್ಯಾಂಡೀ’ ಎಂಬ ದಕ್ಷಿಣ ಏಷ್ಯಾ ಜಾಲವನ್ನು ಗಮನದಲ್ಲಿಡಿ. ಪರಿಸರ ಅರ್ಥಶಾಸ್ತ್ರದ ತರಬೇತಿ, ಸಣ್ಣ ಸಂಶೋಧನಾ ಅನುದಾನ ಎರಡೂ ಅಲ್ಲಿಂದ ಸಿಗುತ್ತವೆ. ಭಾರತೀಯ ಪರಿಸರ ಅರ್ಥಶಾಸ್ತ್ರ ಸಂಘ, ಅಂದರೆ ‘ಇನ್ಸೀ’, ನಡೆಸುವ ಸಮ್ಮೇಳನವೂ ಹಾಗೆಯೇ. ಸಮ್ಮೇಳನದ ಪ್ರಬಂಧ ಮಂಡನೆಗಿಂತ ಊಟದ ಸಾಲಿನಲ್ಲಿ ಆಗುವ ಪರಿಚಯದಿಂದ ಕೆಲಸ ಸಿಕ್ಕವರು ಹೆಚ್ಚು.

ನಾಲ್ಕನೇ ಹೆಜ್ಜೆ: ನಿಮ್ಮದೇ ಒಂದು ಲೆಕ್ಕ ಮಾಡಿಟ್ಟುಕೊಳ್ಳಿ

ಈ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ನಿಮ್ಮೂರಿನ ಒಂದು ಸಮಸ್ಯೆ ಹಿಡಿದು, ಆರೇಳು ಪುಟದಲ್ಲಿ ಅದಕ್ಕೆ ರೂಪಾಯಿಯ ಲೆಕ್ಕ ಕಟ್ಟಿ. ಸಿವಿಯಲ್ಲಿ ‘ಪರಿಸರ ಮೌಲ್ಯಮಾಪನದಲ್ಲಿ ಆಸಕ್ತಿ’ ಎಂದು ಬರೆದವರು ನೂರು ಜನ ಇರುತ್ತಾರೆ. ಮಾಡಿ ತೋರಿಸಿದವರು ಇಬ್ಬರೋ ಮೂವರೋ.

ಹೇಗೆ ಎಂದು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಮುಳಬಾಗಿಲು ಕಡೆಯ ಒಬ್ಬ ರೈತ. ಬೋರ್‌ವೆಲ್ ಒಂದಕ್ಕೆ ಕೊರೆಸುವುದು, ಕೇಸಿಂಗ್, ಮೋಟಾರು ಎಲ್ಲ ಸೇರಿ 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಸುತ್ತಮುತ್ತ ಬಾವಿಗಳು ಕಡಿಮೆ ಇದ್ದ ಕಾಲದಲ್ಲಿ ಅದು 15 ವರ್ಷ ನೀರು ಕೊಡುತ್ತಿತ್ತು. ಈಗ ಅಕ್ಕಪಕ್ಕದವರೆಲ್ಲ ಕೊರೆಸಿ 5 ವರ್ಷಕ್ಕೆ ಬತ್ತುತ್ತಿದೆ. ವಾರ್ಷಿಕ ಶೇ 5ರ ಬಡ್ಡಿ ದರ ಸೇರಿಸಿ ಈ 3 ಲಕ್ಷವನ್ನು 15 ವರ್ಷಕ್ಕೆ ಸಮಾನ ಕಂತುಗಳಾಗಿ ಹಂಚಿದರೆ ವರ್ಷಕ್ಕೆ ಸುಮಾರು 28,900 ರೂಪಾಯಿ. 5 ವರ್ಷಕ್ಕೆ ಹಂಚಿದರೆ ಸುಮಾರು 69,300. ನಡುವಿನ ಸುಮಾರು 40,400 ರೂಪಾಯಿ ಒಬ್ಬರ ಬಾವಿ ಇನ್ನೊಬ್ಬರ ಮೇಲೆ ವರ್ಷವರ್ಷ ಹೊರಿಸುವ ಹೊರೆ. ಪಠ್ಯಪುಸ್ತಕದಲ್ಲಿ ನೀವು ಓದಿದ ಋಣಾತ್ಮಕ ಬಾಹ್ಯ ಪರಿಣಾಮ ಇದೇ. ಇನ್ನು ಆ ರೈತ ಮೂರು ಕಡೆ ಕೊರೆಸಿ ಎರಡರಲ್ಲಿ ಧೂಳೇ ಬಂದು ಮೂರನೆಯದರಲ್ಲಿ ನೀರು ಸಿಕ್ಕಿದ್ದರೆ, ಪ್ರತಿ ಸಲವೂ ಅಷ್ಟೇ ಖರ್ಚಾಗಿದ್ದರೆ, 9 ಲಕ್ಷವೂ ಆ ಒಂದೇ ಬಾವಿಯ ಲೆಕ್ಕಕ್ಕೆ ಬಂದು ವರ್ಷಕ್ಕೆ 2 ಲಕ್ಷ ದಾಟುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ್ದರಿಂದ ನೀರು ಬಿಟ್ಟಿ ಎಂದುಕೊಂಡವರಿಗೆ ಈ ಅಂಕಿ ತೋರಿಸಿ.

ಲೆಕ್ಕ ಇಲ್ಲಿಗೆ ನಿಲ್ಲಬಾರದು. ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆ, ‘ಶೇ 5 ಯಾಕೆ?’ ದರವನ್ನು ಶೇ 2 ಮಾಡಿ ನೋಡಿ, ಹೊರೆ 40,300 ಆಗುತ್ತದೆ. ಶೇ 10 ಮಾಡಿ, 39,700. ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಈಗ ದರ ಶೇ 5ರಲ್ಲೇ ಇಟ್ಟು ಬಾವಿಯ ಆಯುಷ್ಯ 5ರ ಬದಲು 8 ವರ್ಷ ಮಾಡಿ. ಹೊರೆ 17,500ಕ್ಕೆ ಇಳಿಯಿತು. ಅಂದರೆ ಈ ಅಧ್ಯಯನದಲ್ಲಿ ಬಡ್ಡಿ ದರದ ಬಗ್ಗೆ ಜಗಳ ಆಡುವುದಕ್ಕಿಂತ ಬಾವಿ ಎಷ್ಟು ವರ್ಷ ಬಾಳಿತು ಎಂಬುದನ್ನು ರೈತರಿಂದ ಸರಿಯಾಗಿ ಕೇಳಿ ತಿಳಿಯುವುದು ದೊಡ್ಡ ಕೆಲಸ. ಆಯುಷ್ಯ ತಗ್ಗಿದ್ದಕ್ಕೆ ಅಕ್ಕಪಕ್ಕದ ಬಾವಿಗಳೇ ಪೂರ್ತಿ ಕಾರಣವೋ, ಮಳೆ ಕೈಕೊಟ್ಟ ವರ್ಷಗಳ ಪಾಲೆಷ್ಟೋ ಎಂಬುದನ್ನೂ ಬಿಡಿಸಬೇಕು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಬರುತ್ತಿರುವ ಕೆರೆಗಳ ಬಳಿಯ ಬಾವಿ ಮತ್ತು ದೂರದ ಬಾವಿಗಳನ್ನು ಹೋಲಿಸುವುದು ಒಂದು ದಾರಿ. ಇಷ್ಟು ಯೋಚಿಸಿ ಬರೆದ ಆರು ಪುಟ ನಿಮ್ಮ ಕೈಯಲ್ಲಿದ್ದರೆ ಯಾವ ಸಂದರ್ಶಕರೂ ಹತ್ತು ನಿಮಿಷದಲ್ಲಿ ಎಬ್ಬಿಸಿ ಕಳಿಸುವುದಿಲ್ಲ.

ವಿಷಯ ಅಂತರ್ಜಲವೇ ಆಗಬೇಕೆಂದಿಲ್ಲ. ಕಾಳುಮೆಣಸಿನ ತೋಟಕ್ಕೆ ಮಂಗ, ಕಾಡುಹಂದಿ ಮಾಡುವ ನಷ್ಟ ಮತ್ತು ಸಿಗುವ ಪರಿಹಾರ, ಕರಾವಳಿಯಲ್ಲಿ ಬಂದರು ಬಂದ ಮೇಲೆ ನಾಡದೋಣಿಯವರ ಡೀಸೆಲ್ ಖರ್ಚು, ಬಳ್ಳಾರಿ-ಸಂಡೂರಿನ ಜಿಲ್ಲಾ ಖನಿಜ ನಿಧಿ ಯಾವ ಊರಿಗೆ ಎಷ್ಟು ಹೋಯಿತು, ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ ಪ್ರತಿ ಮನೆ ಕಟ್ಟುವ ಮೊತ್ತ. ಚಿಕ್ಕದನ್ನು ಆರಿಸಿ, ಕೊನೆಮುಟ್ಟಿಸಿ.

ಡೇಟಾ, ಸಾಫ್ಟ್‌ವೇರ್, ಮತ್ತು ಕನ್ನಡ

ಆರ್ ಅಥವಾ ಸ್ಟೇಟಾ, ಎರಡರಲ್ಲಿ ಒಂದು ಚೆನ್ನಾಗಿ ಬರಬೇಕು. ಆರ್ ಉಚಿತ, ಹಾಗಾಗಿ ಅದನ್ನೇ ಕಲಿಯಿರಿ. ಅದರ ಜೊತೆಗೆ ನಕ್ಷೆ ಮಾಡಲು ಕ್ಯೂಜಿಐಎಸ್, ಅದೂ ಉಚಿತ. ಉಪಗ್ರಹ ಚಿತ್ರಗಳ ಕೆಲಸಕ್ಕೆ ಗೂಗಲ್ ಅರ್ಥ್ ಎಂಜಿನ್ ಗೊತ್ತಿದ್ದರೆ ಸಾಲಿನಲ್ಲಿ ಮುಂದೆ ನಿಲ್ಲುತ್ತೀರಿ. ಪೈಥಾನ್ ಬಂದರೆ ಒಳ್ಳೆಯದೇ, ಬರದಿದ್ದರೆ ಆಕಾಶ ಬೀಳುವುದಿಲ್ಲ.

ಡೇಟಾ ಎಲ್ಲಿದೆ ಎಂಬುದು ಗೊತ್ತಿರುವುದೂ ಒಂದು ಕೌಶಲವೇ. ಕುಟುಂಬಗಳ ಖರ್ಚಿಗೆ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಘಟಕ ಮಟ್ಟದ ಮಾಹಿತಿ, ಗಾಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ, ನೀರಿಗೆ ಇಂಡಿಯಾ-ವ್ರಿಸ್ ಮತ್ತು ಕೇಂದ್ರ ಅಂತರ್ಜಲ ಮಂಡಳಿ, ಕರ್ನಾಟಕದ ಮಳೆಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಕಾಡಿಗೆ ಅರಣ್ಯ ಸರ್ವೇಕ್ಷಣೆಯ ದ್ವೈವಾರ್ಷಿಕ ವರದಿ. ಇವುಗಳಲ್ಲಿ ಎರಡನ್ನಾದರೂ ಡೌನ್‌ಲೋಡ್ ಮಾಡಿ ಜೋಡಿಸಿ ನೋಡಿ. ತಾಲ್ಲೂಕಿನ ಹೆಸರಿನ ಸ್ಪೆಲಿಂಗ್ ಎರಡು ಕಡೆ ಎರಡು ಥರ ಇರುವುದು, ಹೊಸ ತಾಲ್ಲೂಕು ಹಳೆಯ ಪಟ್ಟಿಯಲ್ಲಿ ಇಲ್ಲದಿರುವುದು, ಇವೆಲ್ಲ ಕೈಯಿಟ್ಟಾಗಲೇ ತಿಳಿಯುವುದು.

ಕನ್ನಡ ಬರುವುದನ್ನು ಸಿವಿಯ ಕೊನೆಯ ಸಾಲಿನಲ್ಲಿ ಮುದುಡಿಸಿ ಬರೆಯಬೇಡಿ. ಬೆಂಗಳೂರಿನ ಸಂಸ್ಥೆಗಳಲ್ಲಿ ಮಾಡೆಲ್ ಓಡಿಸುವವರು ಸಿಗುತ್ತಾರೆ, ಹಳ್ಳಿಯ ಜಗಲಿಯಲ್ಲಿ ಕೂತು ಸರಿಯಾದ ಪ್ರಶ್ನೆ ಕೇಳುವವರು ಸಿಗುವುದಿಲ್ಲ. ‘ಕೆರೆ ಸುಧಾರಣೆಗೆ ವರ್ಷಕ್ಕೆ ಎಷ್ಟು ಹಣ ಪಾವತಿಸಲು ಸಿದ್ಧರಿದ್ದೀರಿ?’ ಎಂದು ಇಂಗ್ಲಿಷಿನಿಂದ ಇಳಿಸಿದ ಪ್ರಶ್ನೆ ಓದಿದರೆ ಎದುರಿನವರು ಕೇಳುವುದು ಒಂದೇ: ‘ಯಾಕ್ ಸಾಮಿ, ಕಂದಾಯ ಹಾಕೋಕ್ ಬಂದಿದ್ದೀರಾ?’ ಆ ಕ್ಷಣದಿಂದ ಬರುವ ಉತ್ತರಗಳೆಲ್ಲ ಸೊನ್ನೆ. ಅದೇ ಕೆರೆಯಿಂದ ಅವರಿಗೆ ಏನೇನು ಸಿಗುತ್ತದೆ, ಹೂಳು ತೋಟಕ್ಕೆ ಹಾಕುತ್ತಾರಾ, ಮೀನಿನ ಹರಾಜಿನ ದುಡ್ಡು ಯಾರಿಗೆ ಹೋಗುತ್ತದೆ, ಹಿಂದೆ ನೀರುಗಂಟಿಗೆ ಊರವರು ಏನು ಕೊಡುತ್ತಿದ್ದರು ಎಂದು ಮಾತು ಎಳೆದು ಆಮೇಲೆ ಮೊತ್ತಕ್ಕೆ ಬಂದರೆ ಲೆಕ್ಕ ಬೇರೆಯೇ ಆಗುತ್ತದೆ. ‘ಇಂಗ್ಲಿಷ್ ಪ್ರಶ್ನಾವಳಿಯನ್ನು ಕೋಲಾರದ ಕನ್ನಡಕ್ಕೆ, ಬೀದರಿನ ಕನ್ನಡಕ್ಕೆ ಒಗ್ಗಿಸಿ ಪ್ರಾಯೋಗಿಕವಾಗಿ ಪರೀಕ್ಷಿಸಿದ್ದೇನೆ’ ಎಂಬ ಒಂದು ಸಾಲು ಮೂರು ಸರ್ಟಿಫಿಕೇಟ್‌ಗಳಿಗೆ ಸಮ.

ಐದನೇ ಹೆಜ್ಜೆ: ಹುಡುಕುವುದು, ಅರ್ಜಿ ಹಾಕುವುದು

ಲಿಂಕ್ಡ್‌ಇನ್ ಮತ್ತು ಡೆವ್‌ನೆಟ್ ಜಾಬ್ಸ್ ಇಂಡಿಯಾ ಎರಡನ್ನೂ ವಾರಕ್ಕೊಮ್ಮೆ ನೋಡಿದರೆ ಸಾಕು. ಅದಕ್ಕಿಂತ ಮುಖ್ಯ, ಮೇಲೆ ಹೇಳಿದ ಸಂಸ್ಥೆಗಳ ಸ್ವಂತ ಜಾಲತಾಣದ ಉದ್ಯೋಗ ಪುಟ. ಹಲವು ಹುದ್ದೆಗಳು ಅಲ್ಲಿ ಮಾತ್ರ ಎರಡು ವಾರ ಇದ್ದು ಮಾಯವಾಗುತ್ತವೆ. ಹೊರದೇಶದ ಹುದ್ದೆಗಳಿಗೆ ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ನಿನ ‘ಜೋ’ ಮತ್ತು ಇನಾಮಿಕ್ಸ್ ಇವೆ, ಆದರೆ ಅಲ್ಲಿ ಪಿಎಚ್.ಡಿ. ಇಲ್ಲದವರಿಗೆ ಸಿಗುವುದು ಅಲ್ಪ.

ಜಾಹೀರಾತಿಗೆ ಕಾಯದೆ ಬರೆಯುವ ಇಮೇಲ್ ಈ ಕ್ಷೇತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಒಂದು ಷರತ್ತಿನ ಮೇಲೆ: ಯಾರಿಗೆ ಬರೆಯುತ್ತೀರೋ ಅವರ ಒಂದು ವರದಿಯನ್ನಾದರೂ ಪೂರ್ತಿ ಓದಿರಬೇಕು. ಇಮೇಲಿನಲ್ಲಿ ಇರಬೇಕಾದದ್ದು ಇಷ್ಟೇ: ಅವರ ಯಾವ ಅಧ್ಯಯನ ಓದಿದಿರಿ, ಅದರಲ್ಲಿ ನಿಮಗೆ ಎದ್ದ ಒಂದು ನಿರ್ದಿಷ್ಟ ಪ್ರಶ್ನೆ, ನಿಮ್ಮ ಆರು ಪುಟದ ಲೆಕ್ಕ ಲಗತ್ತಾಗಿ, ಯಾವ ತಿಂಗಳಿಂದ ಬಿಡುವಾಗಿದ್ದೀರಿ. ಹತ್ತು ಸಾಲು ದಾಟಬಾರದು. ‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭಿಸಿ ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ, ಅದರಲ್ಲೂ ಅವರು ಮೇಡಂ ಆಗಿದ್ದರೆ, ಕಥೆ ಅಲ್ಲಿಗೆ ಮುಗಿಯಿತು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟಕ್ಕೆ ಬಿಡಿ.

ಅರ್ಜಿ ದಾಟಿದ ಮೇಲೆ ಈಗೀಗ ಒಂದು ಪರೀಕ್ಷೆ ಕೊಡುತ್ತಾರೆ. ಒಂದು ಕೆಟ್ಟ ಡೇಟಾ ಫೈಲ್ ಕಳಿಸಿ, ಶುದ್ಧ ಮಾಡಿ ಎರಡು ಪುಟದ ಟಿಪ್ಪಣಿ ಬರೆಯಿರಿ ಎನ್ನುತ್ತಾರೆ. ಅಲ್ಲಿ ಮಾಡೆಲ್‌ನ ಚಂದಕ್ಕಿಂತ ನೀವು ಯಾವ ಸಾಲನ್ನು ಯಾಕೆ ಬಿಟ್ಟಿರಿ ಎಂದು ದಾಖಲಿಸಿದ್ದೀರಾ ಎಂಬುದಕ್ಕೆ ಅಂಕ. ಸಂದರ್ಶನದ ಪ್ರಶ್ನೆಗಳು ಬಹುಪಾಲು ಗುರುತಿನವೇ: ಮಾಲಿನ್ಯಕ್ಕೆ ತೆರಿಗೆ ಒಳ್ಳೆಯದೋ, ಕೊಂಡು ಮಾರಬಹುದಾದ ಪರ್ಮಿಟ್ ಒಳ್ಳೆಯದೋ, ಕಾಡಿಗೆ ಬೆಲೆ ಕಟ್ಟುವುದೇ ತಪ್ಪು ಎನ್ನುವವರಿಗೆ ಏನು ಹೇಳುತ್ತೀರಿ, ಸಾಮುದಾಯಿಕ ಗೋಮಾಳ ಹಾಳಾಗುವುದು ಅನಿವಾರ್ಯವೇ. ಮೊದಲನೆಯದಕ್ಕೆ ಸೂರತ್ ಉದಾಹರಣೆ ಕೊಡಿ. 2019ರಲ್ಲಿ ಅಲ್ಲಿನ ಕಾರ್ಖಾನೆಗಳ ಹೊಗೆಯ ಕಣಗಳಿಗೆ ಪರ್ಮಿಟ್ ವ್ಯಾಪಾರ ಶುರುವಾಯಿತು, ಕಣಮಾಲಿನ್ಯಕ್ಕೆ ಜಗತ್ತಿನ ಮೊದಲ ಇಂಥ ಮಾರುಕಟ್ಟೆ ಎಂದು ಅದನ್ನು ರೂಪಿಸಿದವರು ಹೇಳುತ್ತಾರೆ. ಮೂರನೆಯದಕ್ಕೆ, ಊರವರೇ ಸಾಮುದಾಯಿಕ ಸಂಪನ್ಮೂಲ ಕಾಪಾಡುವುದನ್ನು ಅಧ್ಯಯನ ಮಾಡಿದ ಎಲಿನಾರ್ ಆಸ್ಟ್ರಮ್ ಹೆಸರು ಹೇಳಿ ಸುಮ್ಮನಾಗಬೇಡಿ, ಅವರ 2009ರ ನೊಬೆಲ್ ಎಲ್ಲರಿಗೂ ಗೊತ್ತು. ನಿಮ್ಮ ಸೀಮೆಯ ಬೆಟ್ಟ, ಕಾನು, ಕೆರೆ ಬಳಕೆಯ ನಿಯಮವೊಂದನ್ನು ವಿವರಿಸಿ.

ಹೊರದೇಶದ ಓದು

ಸಾಲ ಮಾಡಿ ಒಂದು ವರ್ಷದ ಮಾಸ್ಟರ್ಸ್‌ಗೆ ಹೋಗುವ ಮುನ್ನ ಎರಡು ಸಲ ಯೋಚಿಸಿ. ಆ ಪದವಿಯಿಂದ ಅಲ್ಲೇ ಕೆಲಸ ಸಿಗುವುದು ವೀಸಾ ನಿಯಮದ ಕೈಯಲ್ಲಿದೆ, ಮರಳಿ ಬಂದರೆ ಇಲ್ಲಿನ ಸಂಬಳದಲ್ಲಿ ಆ ಸಾಲ ತೀರಿಸುವುದು ಕಷ್ಟ. ಪೂರ್ಣ ವಿದ್ಯಾರ್ಥಿವೇತನ ಸಿಕ್ಕರೆ ಮಾತು ಬೇರೆ. ಜರ್ಮನಿಯ ಡಾಡ್, ಬ್ರಿಟನ್ನಿನ ಕಾಮನ್‌ವೆಲ್ತ್ ಮತ್ತು ಚೀವ್ನಿಂಗ್, ಯುರೋಪಿನ ಎರಾಸ್ಮಸ್ ಮುಂಡಸ್ ನೋಡಿ. ಡಾಡ್‌ನ ಅಭಿವೃದ್ಧಿ ಸಂಬಂಧಿ ಕೋರ್ಸ್‌ಗಳಿಗೆ ಮತ್ತು ಚೀವ್ನಿಂಗ್‌ಗೆ ಕೆಲಸದ ಅನುಭವ ಬೇಕು, ಹಾಗಾಗಿ ಇಲ್ಲಿ ಎರಡು-ಮೂರು ವರ್ಷ ದುಡಿದು ಹೋಗುವುದೇ ಲಾಭ. ಪಿಎಚ್.ಡಿ.ಯ ಮಾತು ಪೂರ್ತಿ ಬೇರೆ. ಸ್ವೀಡನ್ನಿನ ಗಾಟೆನ್‌ಬರ್ಗ್, ನೆದರ್ಲೆಂಡ್ಸ್‌ನ ವಾಗನಿಂಗೆನ್‌ನಂಥ ಕಡೆ ಪಿಎಚ್.ಡಿ. ವಿದ್ಯಾರ್ಥಿ ಎಂದರೆ ಸಂಬಳ ಪಡೆಯುವ ನೌಕರ.

ಆರನೇ ಹೆಜ್ಜೆ: ಸಹಿ ಹಾಕುವ ಮುನ್ನ

ಈ ಕ್ಷೇತ್ರದ ಮೊದಲ ಕೆಲಸ ಬಹುತೇಕ ಗುತ್ತಿಗೆಯದು. ಹನ್ನೊಂದು ತಿಂಗಳು, ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಅದರಲ್ಲಿ ಅವಮಾನ ಏನೂ ಇಲ್ಲ, ಆದರೆ ಕೇಳಬೇಕಾದದ್ದನ್ನು ಕೇಳಲು ಸಂಕೋಚ ಬೇಡ. ಪ್ರಾಜೆಕ್ಟಿನ ದುಡ್ಡು ಯಾರದು, ಎಷ್ಟು ತಿಂಗಳಿಗೆ ಈಗಾಗಲೇ ಬಂದಿದೆ ಎಂದು ಕೇಳಿ. ದಾನಿಯ ಕಂತು ತಡವಾಯಿತು ಎಂದು ಮೂರು ತಿಂಗಳು ಸಂಬಳ ನಿಲ್ಲಿಸಿದ ಸಂಸ್ಥೆಯೊಂದರಲ್ಲಿ ನಾನೂ ಇದ್ದೆ. ಅಂಥಲ್ಲಿ ಬಾಡಿಗೆ ಮನೆಯವರಿಗೆ ‘ದಾನಿಯ ಕಂತು’ ಎಂದರೆ ಅರ್ಥವಾಗುವುದಿಲ್ಲ. ಕ್ಷೇತ್ರಕಾರ್ಯದ ಪ್ರಯಾಣಭತ್ಯೆ ಮುಂಗಡವಾಗಿ ಕೊಡುತ್ತಾರೋ, ಕೈಯಿಂದ ಹಾಕಿ ಬಿಲ್ ಕೊಡಬೇಕೋ? ಪಿಎಫ್ ಇದೆಯೋ, ‘ಕನ್ಸಲ್ಟೆಂಟ್’ ಎಂದು ಬರೆಸಿ ಟಿಡಿಎಸ್ ಹಿಡಿದು ಕೈತೊಳೆದುಕೊಳ್ಳುತ್ತಾರೋ? ಹೆಣ್ಣುಮಕ್ಕಳು ಒಂಟಿಯಾಗಿ ಸಮೀಕ್ಷೆಗೆ ಹೋಗಬೇಕಾದರೆ ವಾಹನ, ವಸತಿ ವ್ಯವಸ್ಥೆ ಯಾರದು?

ಕೊನೆಯದಾಗಿ ಇನ್ನೆರಡು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ವರದಿಯಲ್ಲಿ ನಿಮ್ಮ ಹೆಸರು ಲೇಖಕರ ಸಾಲಿನಲ್ಲಿ ಬರುತ್ತದೆಯೋ, ಕೃತಜ್ಞತೆಯ ಪುಟದಲ್ಲಿ ಬರುತ್ತದೆಯೋ. ನೀವು ಸಂಗ್ರಹಿಸಿದ ಡೇಟಾವನ್ನು ಮುಂದೆ ನಿಮ್ಮ ಪಿಎಚ್.ಡಿ.ಗೋ ಸ್ವಂತ ಪ್ರಬಂಧಕ್ಕೋ ಬಳಸಿಕೊಳ್ಳಲು ಅನುಮತಿ ಇದೆಯೋ. ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ‘ನೀವು ಬರೆದದ್ದು ತೋರಿಸಿ’ ಎಂದೇ ಕೇಳುತ್ತಾರೆ. ವರದಿ ಗೋಪ್ಯವಾಗಿದ್ದರೆ, ಕನಿಷ್ಠ ಬಳಸಿದ ವಿಧಾನದ ಬಗ್ಗೆ ನಾಲ್ಕು ಪುಟ ಬರೆದಿಟ್ಟುಕೊಳ್ಳಲು ಸೇರುವ ದಿನವೇ ಒಪ್ಪಿಗೆ ಪಡೆಯಿರಿ.